ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಲು ಕೊಡುವವರು ದಯವಿಟ್ಟು ಗಮನಿಸಿ

ಮಂಗಳೂರು, ಉಡುಪಿ ಕಡೆಯವರು ಮನೆಯ ಹಳೆಯ ಎಲ್‌ಪಿ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಗೆ ಒಯ್ಯುವ ಮೊದಲು ನನಗಾದುದನ್ನು ಓದಿ. ತಂದೆಯವರು ಜೋಪಾನ ಮಾಡಿಟ್ಟಿದ್ದ ಯಕ್ಷಗಾನದ 11 ರೆಕಾರ್ಡುಗಳನ್ನು ಕಳೆದ ಮಳೆಗಾಲದಲ್ಲಿ ಮಂಗಳೂರಿನ ಒಂದು ಅಂಗಡಿಗೆ ಕೊಟ್ಟು, ಒಂದಕ್ಕೆ 350ರಂತೆ 3,850 ರೂಪಾಯಿಯನ್ನು ಮೊದಲೇ ಎಣಿಸಿದೆ. ಮೊದಲೇ ಎಣಿಸಬಾರದಿತ್ತು.

ಪೆನ್‌ಡ್ರೈವ್ ತಂದು ತಂದೆಯವರ ಎದುರಿಗೇ ಹಾಕಿದೆ. ಭಾಗವತರ ಪದ ತಗ್ಗಿನಲ್ಲಿ ಸಾಗುವವರೆಗೆ ತೊಂದರೆಯಿರಲಿಲ್ಲ. ಚೆಂಡೆ ಬಿದ್ದ ಕೂಡಲೇ ತಗಡು ಬಡಿದಂತೆ ಗರಗರ ಸದ್ದು, ಏರುಸ್ವರ ಬಂದಲ್ಲೆಲ್ಲ ಸ್ವರವೇ ಒಡೆದುಹೋಗಿತ್ತು. “ನಮ್ಮ ರೆಕಾರ್ಡು ಹೀಗಿರಲಿಲ್ಲ” ಎಂದು ತಂದೆಯವರು ಎದ್ದು ಒಳಗೆ ಹೋದರು. ನನಗೆ ತಲೆಯೆತ್ತಲಾಗಲಿಲ್ಲ.

ಫೋನು ಮಾಡಿದರೆ, “ಹಳೇ ರೆಕಾರ್ಡಲ್ವಾ ಸರ್, ಹಾಗೆಯೇ ಬರುವುದು” ಎಂದರು. ಅದೇ ರೆಕಾರ್ಡು ನಮ್ಮ ಪ್ಲೇಯರಿನಲ್ಲಿ ಸ್ವಚ್ಛವಾಗಿ ಹಾಡುತ್ತದೆ ಎಂದಾಗ, “ಲೆವೆಲ್ ಜೋರು ಇಟ್ಟರೇ ಕ್ಲಿಯರ್ ಬರುವುದು, ನಾನು ಮೂವತ್ತು ವರ್ಷ ಕ್ಯಾಸೆಟ್ ಮಾಡಿದವ” ಎಂಬ ಉತ್ತರ ಬಂತು. ಕ್ಯಾಸೆಟ್ಟಿನಲ್ಲಿ ಮೀಟರಿನ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೂ ಟೇಪು ಅದನ್ನು ಮೆತ್ತಗೆ ತಾಳಿಕೊಳ್ಳುತ್ತಿತ್ತು ನಿಜ, ಆದರೆ ಕಂಪ್ಯೂಟರಿನಲ್ಲಿ ಮೀಟರಿನ ತುತ್ತತುದಿಯಾದ ಸೊನ್ನೆ ಡೆಸಿಬೆಲ್ಲಿನ (ಡೆಸಿಬೆಲ್ ಎಂದರೆ ಸದ್ದಿನ ಮಟ್ಟದ ಅಳತೆ) ಮೇಲೆ ಸದ್ದನ್ನು ಬರೆಯುವ ಅಂಕಿಯೇ ಇಲ್ಲದ್ದರಿಂದ, ಅದಕ್ಕಿಂತ ಮೇಲೇರಿದ್ದೆಲ್ಲ ಅಲ್ಲಿಯೇ ಕತ್ತರಿಸಿಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಜಗಳವಾಡಿದ ಮೇಲೆ “ತನ್ನಿ, ಪುನಃ ಮಾಡಿಕೊಡುವ” ಎಂದರು. ಕೊಟ್ಟು ಬಂದು ಒಂದೂವರೆ ಗಂಟೆಯಲ್ಲಿ “ಆಯಿತು ಸರ್” ಎಂಬ ಕರೆ ಬಂತು. ನಾನು ಧನ್ಯವಾದ ಹೇಳಿ ತೆಗೆದುಕೊಂಡು ಬಂದೆ! ರೆಕಾರ್ಡು ಹಾಡಿದಷ್ಟು ಹೊತ್ತೇ ಅದನ್ನು ಇಳಿಸಲೂ ಬೇಕು. ಬದಿಗೆ 20 ನಿಮಿಷವೆಂದರೂ 22 ಬದಿಗೆ ಏಳು ಗಂಟೆಯ ಮೇಲಾಗುತ್ತದೆ. ಒಂದೂವರೆ ಗಂಟೆಯಲ್ಲಿ ಆದದ್ದು ಹೇಗೆ ಎಂದು ಆಗ ಹೊಳೆಯಲೇ ಇಲ್ಲ.

ರಾತ್ರಿ ಎರಡೂ ಫೈಲುಗಳನ್ನು ಆಡಾಸಿಟಿ ಎಂಬ, ಸದ್ದನ್ನು ಚಿತ್ರವಾಗಿ ತೋರಿಸುವ ತಂತ್ರಾಂಶದಲ್ಲಿ ಮೇಲೆ ಕೆಳಗೆ ಇಟ್ಟು ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಚೆಂಡೆಯ ಪೆಟ್ಟುಗಳ ತುದಿಗಳು, ಬೇಲಿಯ ಗಿಡಗಳನ್ನು ಕತ್ತಿಯಿಂದ ಒಂದೇ ಮಟ್ಟಕ್ಕೆ ಸವರಿದ ಹಾಗೆ, ಸೊನ್ನೆಯ ಗೆರೆಯಲ್ಲಿ ಚಪ್ಪಟೆಯಾಗಿದ್ದವು. ಎರಡನೆಯದರಲ್ಲಿಯೂ ಅವೇ ಪೆಟ್ಟುಗಳು, ಅವೇ ಚಪ್ಪಟೆ ತುದಿಗಳು, ಆದರೆ ಅದಕ್ಕಿಂತ ಕೆಳಗೆ, ಮೈನಸ್ ಆರು ಡೆಸಿಬೆಲ್ಲಿನ ಗೆರೆಯಲ್ಲಿ! ರೆಕಾರ್ಡನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ, ಹಾಳಾದ ಫೈಲಿನ ವಾಲ್ಯೂಮನ್ನು ಮಾತ್ರ ತಗ್ಗಿಸಿ “ಪುನಃ ಮಾಡಿದ್ದೇವೆ” ಎಂದು ನನ್ನ ಕೈಗಿತ್ತಿದ್ದರು. ಚಿತ್ರ ಕಳಿಸಿ ಕೇಳಿದ್ದಕ್ಕೆ, “ಅಷ್ಟೆಲ್ಲ ಗೊತ್ತಿದ್ದರೆ ನೀವೇ ಮಾಡಬಹುದಿತ್ತಲ್ಲ” ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಆದುದರಿಂದ ಒಂದೇ ರೆಕಾರ್ಡು ಕೊಟ್ಟು ನೋಡಿ. ಅತಿ ಜೋರಿನ ಭಾಗವನ್ನು ಮೊದಲು ನಿಮ್ಮೆದುರಿಗೇ ಹಾಕಿಸಿ, ಮೀಟರಿನ ತುದಿ ಮೈನಸ್ 6ರ ಆಸುಪಾಸಿನಲ್ಲಿ ನಿಲ್ಲುವಂತೆ ಇರಿಸಲು ಹೇಳಿ. 24 ಬಿಟ್‌ನಲ್ಲಿ (ಸದ್ದನ್ನು ಹೆಚ್ಚು ಸೂಕ್ಷ್ಮವಾಗಿ ಬರೆಯುವ ಬಗೆ) ಇಳಿಸಿದರೆ ಲೆವೆಲ್ ತಗ್ಗಿತೆಂದು ಏನೂ ನಷ್ಟವಾಗುವುದಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ತುದಿ ಚಪ್ಪಟೆಯಿಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಉಳಿದ ಹಣ ಕೊಡಿ. ನನ್ನ 3,850 ರೂಪಾಯಿ ಇನ್ನೂ ಬಂದಿಲ್ಲ.