ಮ್ಯಾಪ್ ಲಿಂಕಿನ ಝೂಮ್: ಕೊಡಗಿನ ತೋಟದ ಮನೆಗೆ ಗೂಗಲ್ ವಾಸಿಯೋ, ಓಪನ್‌ಸ್ಟ್ರೀಟ್‌ಮ್ಯಾಪೋ?

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ಐನ್‌ಮನೆಯಲ್ಲಿ ಸಮಾರಂಭ ಇಟ್ಟುಕೊಂಡವರು ಎಲ್ಲರೂ ಈಗ ಮ್ಯಾಪ್ ಲಿಂಕ್ ಕಳಿಸುತ್ತಾರೆ. ಪಿನ್ ಸರಿಯಿದ್ದರೂ ಝೂಮ್ ತಪ್ಪಿದರೆ ಲಿಂಕ್ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ತೀರಾ ಹತ್ತಿರವಾದರೆ ಹಸಿರು ಬಯಲಿನಲ್ಲಿ ಒಂದು ಪಿನ್, ಪಕ್ಕದಲ್ಲಿ ಹೆಸರಿಲ್ಲದ ಗೆರೆ. ಮೇನ್ ರೋಡಿನಿಂದ ಎಲ್ಲಿ ತಿರುಗಬೇಕೆಂದು ತಿಳಿಯದು. ತೀರಾ ದೂರವಾದರೆ ಅಕ್ಕಪಕ್ಕದ ಎರಡು ತೋಟಗಳ ಗೇಟು ಒಂದೇ ಚುಕ್ಕೆಯಾಗುತ್ತದೆ.

ಝೂಮ್ ಸಂಖ್ಯೆ ಒಂದು ಏರಿದಾಗಲೆಲ್ಲ ತೆರೆಯಲ್ಲಿ ಕಾಣುವ ನೆಲದ ಅಗಲ ಅರ್ಧಕ್ಕಿಳಿಯುತ್ತದೆ. ನೆಟ್ಟಗೆ ಹಿಡಿದ ಫೋನಿನಲ್ಲಿ 11ಕ್ಕೆ ಸುಮಾರು 30 ಕಿ.ಮೀ. ಅಗಲ, ಅಂದರೆ ಮಡಿಕೇರಿ, ಕುಶಾಲನಗರ ಎರಡೂ ಕಾಣುತ್ತವೆ. 13ಕ್ಕೆ ಏಳೂವರೆ ಕಿ.ಮೀ.; ಭಾಗಮಂಡಲ, ತಲಕಾವೇರಿಗೆ ಸಾಕು. 15ಕ್ಕೆ ಎರಡು ಕಿ.ಮೀ.ಗೆ ಸ್ವಲ್ಪ ಕಡಿಮೆ. 18ಕ್ಕೆ ಬರೀ 230 ಮೀಟರ್. ಗೇಟು ತೋರಿಸಲು ಅದೇ ಸರಿ.

ಗೂಗಲ್ ಮ್ಯಾಪ್ಸ್ ಆ್ಯಪ್‌ನ ಶೇರ್ ಗುಂಡಿಯಲ್ಲಿ ಝೂಮ್ ಆರಿಸುವ ಅವಕಾಶವೇ ಇಲ್ಲ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದರೆ ಅಡ್ರೆಸ್ ಬಾರ್‌ನಲ್ಲಿ @ ಚಿಹ್ನೆಯ ನಂತರ 12.4244,75.7382,15 ಎಂಬಂತೆ ಅಂಕಿಗಳಿದ್ದು (ಕ್ರಮವಾಗಿ ಅಕ್ಷಾಂಶ, ರೇಖಾಂಶ, ಝೂಮ್), ಕೊನೆಯದಕ್ಕೆ ಝಡ್ ಅಕ್ಷರ ಅಂಟಿರುತ್ತದೆ. ಆ 15 ತಿದ್ದಿ ಎಂಟರ್ ಒತ್ತಿದರೆ ಝೂಮ್ ಬದಲಾಗುತ್ತದೆ. ಸ್ಯಾಟಲೈಟ್ ನೋಟದಲ್ಲಿ ಝಡ್ ಬದಲು ಎಮ್ ಬರುತ್ತದೆ. ಅದು ಮೀಟರ್ ಲೆಕ್ಕ, ಅಲ್ಲಿ 15 ಎಂದು ಹಾಕಬೇಡಿ.

ಇಲ್ಲೇ ಹೆಚ್ಚಿನವರು ಎಡವುವುದು: @ ನಂತರದ ಅಂಕಿಗಳು ತೆರೆಯ ನಡುಬಿಂದುವಿನವು, ಪಿನ್‌ನವಲ್ಲ. ಮ್ಯಾಪನ್ನು ಸ್ವಲ್ಪ ಸರಿಸಿ ಅವನ್ನೇ ಕಾಪಿ ಮಾಡಿದರೆ ಅತಿಥಿಗಳು ಪಕ್ಕದವರ ಲೈನ್ ಮನೆ ಮುಂದೆ ಇಳಿಯುತ್ತಾರೆ. ಲಿಂಕ್ ಉದ್ದವಾಯಿತೆಂದು ಬಾಲ ಕತ್ತರಿಸಿದರೆ ಪಿನ್ನೇ ಹೋಗುತ್ತದೆ. ಗೂಗಲ್ ತಾನೇ ವಿವರಿಸಿರುವ ಲಿಂಕ್ ಮಾದರಿಗಳಲ್ಲೂ ಇದೇ ತೊಡಕು. ನಡುಬಿಂದು ಮತ್ತು ಝೂಮ್ ಕೊಡುವ ಮಾದರಿಗೆ ಪಿನ್ ಇಲ್ಲ (ಝೂಮ್ 0ಯಿಂದ 21ರವರೆಗೆ ಕೊಡಬಹುದು, ಬಿಟ್ಟರೆ 15). ಪಿನ್ ಹಾಕುವ ಹುಡುಕಾಟದ ಮಾದರಿಗೆ ಝೂಮ್ ಇಲ್ಲ. ಇಷ್ಟು ದೊಡ್ಡ ಸೇವೆಯಲ್ಲಿ ಇದು ನಿಜವಾದ ಕೊರತೆ.

ಜನರೇ ಸೇರಿ ರಸ್ತೆ, ಊರು ಗುರುತಿಸಿ ಬೆಳೆಸುವ ಉಚಿತ ಮ್ಯಾಪ್ ಸೈಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಈ ವಿಷಯದಲ್ಲಿ ಬಹಳ ಮುಂದಿದೆ. ಬಲಬದಿಯ ಶೇರ್ ಗುಂಡಿ ಒತ್ತಿ, ಮಾರ್ಕರ್ (ಅಂದರೆ ಪಿನ್) ಸೇರಿಸುವ ಚೌಕಕ್ಕೆ ಟಿಕ್ ಹಾಕಿ, ಮಾರ್ಕರನ್ನು ಗೇಟಿನ ಮೇಲೆ ಎಳೆದು ತನ್ನಿ. ಉದ್ದ ಲಿಂಕನ್ನೇ ಆರಿಸಿಕೊಳ್ಳಿ. ಅದರ ಕೊನೆಯಲ್ಲಿ 17/12.4244/75.7382 ಎಂಬ ರೀತಿ ಇರುತ್ತದೆ. ಮೊದಲ ಅಂಕಿಯೇ ಝೂಮ್, 19ರವರೆಗೆ ಕೈಯಿಂದಲೇ ತಿದ್ದಬಹುದು. ಮಾರ್ಕರಿನ ಅಂಕಿಗಳು ಬೇರೆಯೇ ಇರುವುದರಿಂದ ನೋಟ ಸರಿಸಿದರೂ ಪಿನ್ ಕದಲದು. ದಶಮಾಂಶದ ನಂತರ ನಾಲ್ಕು ಅಂಕಿ ಉಳಿಸಿ, 11 ಮೀಟರ್ ಒಳಗೆ ಜಾಗ ಸಿಗುತ್ತದೆ. ಎರಡಕ್ಕೆ ಇಳಿಸಿದರೆ ಒಂದು ಕಿ.ಮೀ.ವರೆಗೂ ಏರುಪೇರು, ಕೊಡಗಿನಲ್ಲಿ ಅಷ್ಟರಲ್ಲಿ ಬೆಟ್ಟವೇ ಬದಲಾಗಬಹುದು. ಆದರೆ ಇದರ ಸೈಟಿನ ಸಾಮಾನ್ಯ ನೋಟದಲ್ಲಿ ಸ್ಯಾಟಲೈಟ್ ಚಿತ್ರ ಇಲ್ಲ, ಗೂಗಲ್‌ನಂತೆ ತಿರುವು ತಿರುವಿಗೂ ಧ್ವನಿ ಹೇಳುವುದಿಲ್ಲ. ಒಳತೋಟದ ರಸ್ತೆಯನ್ನು ಯಾರೂ ಗುರುತಿಸಿರದಿದ್ದರೆ ಅದೂ ಕಾಣದು.

ಹಾಗಾಗಿ ದಾರಿ ಹಿಡಿಯಲು ಗೂಗಲ್‌ನ ಪಿನ್ ಲಿಂಕ್, ತಿರುವು ತೋರಿಸಲು ಓಪನ್‌ಸ್ಟ್ರೀಟ್‌ಮ್ಯಾಪಿನ 15ರ ಲಿಂಕ್, ಎರಡನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿ. ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ನಿಮ್ಮ ಬ್ರೌಸರ್‌ನಲ್ಲಿ ಸರಿಯಾಗಿ ಬಂದ ಝೂಮ್ ಅವರ ಆ್ಯಪ್‌ನಲ್ಲಿ ಹಾಗೇ ಬರಬೇಕೆಂದಿಲ್ಲ. ಘಾಟಿಯಲ್ಲಿ ಸಿಗ್ನಲ್ ಹೋದರೆ ಯಾವ ಲಿಂಕೂ ತೆರೆಯದು, ಆದ್ದರಿಂದ 15ರ ನೋಟದ ಸ್ಕ್ರೀನ್‌ಶಾಟ್ ಕೂಡ ಜೊತೆಗಿರಲಿ.