ಮೂರು ಸಾವಿರದ ಎಂಟುನೂರಕ್ಕೆ ಒಂದು ಭೂತಗನ್ನಡಿ

ಬೀದರ್, ಕಲಬುರಗಿ ಕಡೆ ಹಳೇ ದೊಡ್ಡ ಕ್ಯಾಮೆರಾ ಇಟ್ಟುಕೊಂಡವರು ಎಷ್ಟು ಜನ ಇದ್ದೀರೋ ಏನೋ. ಹತ್ತು ಜನ ಇದ್ದರೂ ಸಾಕು, ಇದನ್ನು ಓದಿ. ಕ್ಯಾಮೆರಾದ ಹಿಂದೆ ಫೋಕಸ್ ನೋಡುವ ಒರಟು ಗಾಜಿಗೆ, ಅಂದರೆ ಗ್ರೌಂಡ್ ಗ್ಲಾಸ್‌ಗೆ ಫ್ರೆನೆಲ್ ಹಾಕಿಕೊಡ್ತೀನಿ ಅಂತ ಯಾರಾದರೂ ಅಂದರೆ ಕ್ಯಾಮೆರಾ ಕೈಗೆ ಕೊಡಬೇಡಿ. ನಾನು ಕೊಟ್ಟೆ. ಅಂಗಡಿ ಹೆಸರು ಹಾಕಲ್ಲ, ಬೀದರ್‌ದೇ.

ನನ್ನದು 4×5 ಇಂಚಿನ ಮರದ ಕ್ಯಾಮೆರಾ, 150 ಎಂಎಂ ಲೆನ್ಸ್, ಎಫ್ 5.6. ಬಯಲಲ್ಲಿ ಏನೂ ತೊಂದರೆ ಇಲ್ಲ. ಮನೆಯೊಳಗೆ ಹೋದರೆ ಗಾಜಿನ ನಡುವೆ ಮಾತ್ರ ಚೂರು ಬೆಳಕು, ಮೂಲೆಗಳೆಲ್ಲ ಕತ್ತಲು. ಬಿದ್ರಿ ಕೆಲಸ ಮಾಡುವ ಒಬ್ಬ ಚಾಚಾನ ಫೋಟೊ ತೆಗೆಯಬೇಕಿತ್ತು, ಅವರ ಕೆಲಸದ ಕೋಣೆಯಲ್ಲೇ. ಅಲ್ಲಿರುವುದು ಒಂದೇ ಕಿಟಕಿ. ಫ್ರೆನೆಲ್ ಅಂದರೆ ಉಂಗುರ ಉಂಗುರವಾಗಿ ಗೀರು ಇರುವ ಪ್ಲಾಸ್ಟಿಕ್ ಲೆನ್ಸ್, ಮೂಲೆಯಲ್ಲಿ ಚದುರಿ ಹೋಗುವ ಬೆಳಕನ್ನು ಕಣ್ಣಿನ ಕಡೆಗೆ ಬಗ್ಗಿಸುತ್ತದೆ. ಅದೊಂದಿದ್ದರೆ ಸಾಕು ಅನಿಸಿತು.

ಅಂಗಡಿಯವನು ಒಂದು ಕವರ್‌ನಿಂದ ತೆಗೆದು ತೋರಿಸಿದ. "ಇಂಪೋರ್ಟೆಡ್ ಮಾಲ್ ರಿ ಸರ್. ಸಮುದ್ರದ ಲೈಟ್‌ಹೌಸ್‌ನಾಗ ಹಾಕ್ತಾರಲ್ಲ, ಅದೇ." ಲೈಟ್‌ಹೌಸ್‌ಗೆ ಫ್ರೆನೆಲ್ ಹಾಕಿದ್ದು 1823ರಲ್ಲಿ, ಫ್ರಾನ್ಸ್‌ನಲ್ಲಿ, ಅದೂ ಗಾಜಿನದು. ಸಮುದ್ರವೇ ಕಾಣದ ಊರಲ್ಲಿ ಕೂತು ನಾನು ತಲೆ ಆಡಿಸಿದೆ. ಮಾಲಿಗೆ 3,000, ಕೂರಿಸಲು 800. ಬಿಲ್ ಕೇಳಿದರೆ "ಬಿಲ್ ಬೇಕಂದ್ರ ಜಿಎಸ್‌ಟಿ ಬೀಳ್ತದ್ರಿ" ಅಂದ. ಬೇಡ ಅಂದೆ. ನನ್ನದೇ ತಪ್ಪು.

ಮೂರನೇ ದಿನ ಕ್ಯಾಮೆರಾ ಕೈಗೆ ಬಂತು. ನೋಡಿದರೆ ಪ್ಲಾಸ್ಟಿಕ್ಕನ್ನು ಗಾಜಿನ ಒಳಮುಖಕ್ಕೆ ಅಂಟಿಸಿದ್ದಾನೆ, ಲೆನ್ಸ್ ಕಡೆಗೆ. ನಾಲ್ಕು ಮೂಲೆಗೆ ನಾಲ್ಕು ಹನಿ ಸೂಪರ್ ಗ್ಲೂ, ಸುತ್ತ ಬಿಳಿ ಬೂದಿ ಹಾರಿದ ಹಾಗೆ ಮಬ್ಬು. ಇದು ಹೊರಗಡೆ, ನಾವು ನೋಡೋ ಕಡೆ ಇರಬೇಕಲ್ವಾ ಅಂತ ಕೇಳಿದೆ. ಕೇಳಿದೆ! ಅವನ ಉತ್ತರ: "ಹೊರಗ ಹಾಕಿದ್ರ ಗೀರು ಬೀಳ್ತಾವ್ರಿ. ಅಮೆರಿಕಾದ ಗ್ರಾಫಿಕ್ ಕ್ಯಾಮೆರಾದಾಗ ಒಳಗೇ ಇರ್ತದ, ನೋಡಿಲ್ಲೇನ್ರಿ?" ಗ್ರಾಫಿಕ್‌ಗಳಲ್ಲಿ ಒಳಗೆ ಇರುವುದು ನಿಜ. ಆದರೆ ಅಲ್ಲಿ ಗಾಜು ಕೂರುವ ಜಾಗವನ್ನೇ ಅದಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಆಗ ನನಗೆ ಇದು ಹೊಳೆಯಲಿಲ್ಲ. ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು, ಮೂಲೆಯವರೆಗೂ. ಅದನ್ನು ನೋಡಿಯೇ ಮರುಳಾದೆ.

ಚಾಚಾ ಶುಕ್ರವಾರ ನಮಾಜ್ ಮುಗಿಸಿ ಬಂದು, ಬಿಳಿ ಕುರ್ತಾದಲ್ಲೇ ಕೂತರು. ಕೈಯಲ್ಲಿ ಅವರೇ ಮಾಡಿದ ಸುರಾಹಿ, ಎದೆಯ ಮುಂದೆ. ಕೋಟೆ ಮಣ್ಣಿನಲ್ಲಿ ನವಸಾಗರ ಹಾಕಿ ಕುದಿಸಿ ಕಪ್ಪು ಮಾಡಿದ್ದು, ಮೇಲೆ ಬೆಳ್ಳಿ ತಂತಿಯ ಬಳ್ಳಿ. ಆರೂವರೆ ಅಡಿ ದೂರದಲ್ಲಿ ಕ್ಯಾಮೆರಾ. ಕರಿ ಬಟ್ಟೆ ಹೊದ್ದು, ಗಾಜಿನ ಮೇಲೆ ಲೂಪ್ ಅನ್ನೋ ಸಣ್ಣ ಭೂತಗನ್ನಡಿ ಇಟ್ಟು, ಚಾಚಾನ ಕಣ್ಣಿಗೇ ಫೋಕಸ್ ಮಾಡಿದೆ. ಲೂಪ್‌ನಲ್ಲಿ ಗ್ರಾಮಫೋನ್ ತಟ್ಟೆಯ ಹಾಗೆ ಗೀರುಗಳು ಅಡ್ಡ ಬರುತ್ತಿದ್ದವು, ಕಣ್ಣಿನ ರೆಪ್ಪೆ ಯಾವುದು, ಗೀರು ಯಾವುದು ತಿಳಿಯದ ಹಾಗೆ. ಬೆಳಕು ಕಡಿಮೆ, ಹಾಗಾಗಿ ಲೆನ್ಸ್ ಪೂರ್ತಿ ತೆರೆದು 5.6ರಲ್ಲೇ ಇಟ್ಟು ಒಂದು ಸೆಕೆಂಡ್. ಎಪ್ಪತ್ತು ದಾಟಿದ ಮನುಷ್ಯ ಉಸಿರು ಹಿಡಿದು ಕೂತರು. ನಾಲ್ಕು ಸಲ.

ರಾತ್ರಿ ಫಿಲ್ಮ್ ಬಚ್ಚಲಲ್ಲಿ ತೊಳೆದು ಹಗ್ಗಕ್ಕೆ ತೂಗು ಹಾಕಿದೆ. ಬೆಳಿಗ್ಗೆ ಲೂಪ್ ಇಟ್ಟು ನೋಡಿದರೆ ಸುರಾಹಿಯ ಬಳ್ಳಿ ಒಂದೊಂದು ಎಲೆಯೂ ಎಣಿಸಬಹುದು. ಚಾಚಾನ ಕಣ್ಣು ಮಾತ್ರ ನೀರಲ್ಲಿ ಅದ್ದಿದ ಹಾಗೆ. ನಾಲ್ಕೂ ಶೀಟ್, ನಾಲ್ಕರಲ್ಲೂ ಅದೇ. ಮೊದಲು ನನ್ನನ್ನೇ ಬೈದುಕೊಂಡೆ. ಕೈ ನಡುಗಿತಾ, ಟ್ರೈಪಾಡ್ ಸಡಿಲ ಆಯಿತಾ ಅಂತ. ಆದರೆ ಅಲುಗಿದ್ದರೆ ಸುರಾಹಿಯೂ ಅಲುಗಬೇಕಲ್ವಾ?

ವಿಷಯ ಇಷ್ಟೇ. ಲೆನ್ಸ್‌ಗೂ ಗಾಜಿನ ಒರಟು ಮುಖಕ್ಕೂ ನಡುವೆ ಪ್ಲಾಸ್ಟಿಕ್ ಬಂದರೆ ಫೋಕಸ್ ಬೀಳುವ ಜಾಗ ಆ ಪ್ಲಾಸ್ಟಿಕ್ ದಪ್ಪದ ಸುಮಾರು ಮೂರನೇ ಒಂದು ಭಾಗ ಹಿಂದೆ ಸರಿಯುತ್ತದೆ. ನನ್ನದು 3 ಮಿಮೀ ದಪ್ಪ, ಅಂದರೆ 1 ಮಿಮೀ. ನಾವು ಗಾಜಿನ ಮೇಲೆ ಸರಿ ಮಾಡಿಕೊಂಡಿರುತ್ತೇವೆ, ಆ ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್ ಹಾಕಿದಾಗ ಆ ಪ್ಲಾಸ್ಟಿಕ್ ದಾರಿಯಲ್ಲಿ ಇರುವುದೇ ಇಲ್ಲ. ಆ 1 ಮಿಮೀ ಆರೂವರೆ ಅಡಿ ದೂರದಲ್ಲಿ ಐದಾರು ಇಂಚು ಆಗುತ್ತದೆ. ಕಣ್ಣಿನಿಂದ ಸುರಾಹಿಗೆ ಅಷ್ಟೇ ದೂರ.

ಫೋನ್ ಮಾಡಿದೆ. "ಫಿಲ್ಮ್ ಎಕ್ಸ್‌ಪೈರಿ ಆಗಿರ್ಬೇಕ್ರಿ." ಅಲ್ಲಪ್ಪಾ, ಫಿಲ್ಮ್ ಹಳೇದಾದರೆ ಕಣ್ಣು ಮಾತ್ರ ಮಬ್ಬಾಗುತ್ತಾ? "ಚಾಚಾ ಅಲುಗಾಡಿರ್ಬೇಕು, ವಯಸ್ಸಾಗ್ಯದ." ಆಮೇಲೆ, "ಈ ಡಿಜಿಟಲ್ ಕಾಲದಾಗ ಇದೆಲ್ಲ ಯಾಕ್ರಿ ಸರ್, ಮೊಬೈಲ್‌ನಾಗ ತೆಗೀರಿ." ಅದೇ ನನಗೆ ಉರಿದದ್ದು. ಮೂರು ಸಾವಿರ ಎಣಿಸಿಕೊಳ್ಳುವಾಗ ಡಿಜಿಟಲ್ ಕಾಲ ನೆನಪಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಭಾನುವಾರ ಅಪ್ಪ ಕಿಟಕಿ ಹತ್ತಿರ ಕೂತು ಪಂಚಾಂಗ ನೋಡುತ್ತಿದ್ದರು. ಕೈಯಲ್ಲಿ ಚೌಕದ ಪ್ಲಾಸ್ಟಿಕ್ ಭೂತಗನ್ನಡಿ. ಅದರ ಮೂಲೆಯಲ್ಲಿ "3ಎಕ್ಸ್" ಅಂತ ಉಬ್ಬಿದ ಅಕ್ಷರ. ನಾನು ಕ್ಯಾಮೆರಾ ತಂದು ಗಾಜಿನ ಮೂಲೆ ನೋಡಿದೆ. ಕಟರ್‌ನಿಂದ ಗೀರಿ ಮುರಿದ ಅಂಚಿನಲ್ಲಿ ಒಂದು 3, ಪಕ್ಕದಲ್ಲಿ ಅರ್ಧ ಕತ್ತರಿಸಿದ ಎಕ್ಸ್. ಅದೇ ಅಚ್ಚು, ಅದೇ ದಪ್ಪ. "ಎಷ್ಟು ಕೊಟ್ರಿ ಇದಕ್ಕೆ?" ಅಂತ ಕೇಳಿದೆ. "ನೂರಾ ಇಪ್ಪತ್ತು. ಯಾಕ, ಜಾಸ್ತಿ ಆಯ್ತಾ?" ಅಂದರು ಅಪ್ಪ. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಹೇಳಿಲ್ಲ.

ಎರಡರ ಫೋಟೊ ಅಕ್ಕಪಕ್ಕ ಇಟ್ಟು ಅವನಿಗೆ ಕಳಿಸಿದೆ. ನೀಲಿ ಟಿಕ್ ಬಿತ್ತು. ಒಂದು ತಾಸಿನ ಮೇಲೆ ಒಂದು ಸಾಲು: "ಫ್ರೆನೆಲ್ ಅಂದ್ರ ಫ್ರೆನೆಲ್ಲೇ ಸರ್." ವಾದಕ್ಕೆ ಅದು ಸುಳ್ಳಲ್ಲ ನೋಡಿ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ದುಡ್ಡು ಕೇಳಿದ ಮೇಲೆ ಟಿಕ್ ಕೂಡ ಇಲ್ಲ.

ಹಾಕಲೇಬೇಕು ಅಂದರೆ ಗಾಜಿನ ಹೊರಗಡೆ ಇಡಿ, ಗೀರಿನ ಮುಖ ಗಾಜಿನ ಕಡೆಗೆ, ನಯವಾದದ್ದು ನಿಮ್ಮ ಕಡೆಗೆ. ಫೋಕಸ್ ಬದಲಾಗಲ್ಲ. ಅಂಟು ಬೇಡ, ಕ್ಲಿಪ್ ಸಾಕು. ಗೀರು ತೀರಾ ಸಣ್ಣಗಿರಬೇಕು. ಮತ್ತೆ ಬಿಲ್ ತಗೊಳ್ಳಿ, ದಯವಿಟ್ಟು. ಅಂಟು ಬಿಡಿಸಲು ನೇಲ್ ಪಾಲಿಶ್ ರಿಮೂವರ್ ಹಾಕುವ ಬುದ್ಧಿಯೂ ನನ್ನದೇ. ಪ್ಲಾಸ್ಟಿಕ್ ಹಾಲು ಹಾಲಾಗಿ ಕರಗಿತು, ಗಾಜು ಉಳಿಯಿತು, ಒಂದು ಮೂಲೆ ಮಾತ್ರ ಚಕ್ಕೆ ಹಾರಿತು.

ಚಾಚಾಗೆ ಪ್ರಿಂಟ್ ತೋರಿಸಲು ನಾಚಿಕೆಯಾಗಿ ಒಂದು ವಾರ ಆ ಕಡೆ ಹೋಗಲಿಲ್ಲ. ಕೊನೆಗೆ ಹೋದೆ. ಅವರು ತಮ್ಮ ಮುಖ ನೋಡಲೇ ಇಲ್ಲ. ಸುರಾಹಿಯ ಮೇಲೆ ಬೆರಳಿಟ್ಟು, "ಕೆಲಸ ಛಲೋ ಬಂದದ ಬೇಟಾ" ಅಂದರು. ಮುಂದಿನ ಶುಕ್ರವಾರ ಮತ್ತೆ ಕೂರುತ್ತಾರಂತೆ. ಚಕ್ಕೆ ಹೋದ ಗಾಜು, ಕತ್ತಲ ಮೂಲೆ, ಹಾಗೇ ತಗೊಂಡು ಹೋಗುತ್ತೇನೆ.