ಕೊನೆಯ ಚಿತ್ರದವರೆಗೂ ನೋಡುವ ಸ್ಕ್ಯಾನ್ ಕೇಂದ್ರ: ಶಿರಸಿಯ ಅನುಭವ

ಕುಮಟಾದಲ್ಲಿರುವ ನನ್ನ ತಂಗಿಗೆ 36 ವರ್ಷ. ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಬರುತ್ತಿದ್ದ ಏದುಸಿರನ್ನು ಉಬ್ಬಸವೆಂದೇ ತಿಳಿದು ಎರಡು ವರ್ಷ ಇನ್‌ಹೇಲರ್ ಬಳಸಿದ್ದಳು. ಕಳೆದ ಮಳೆಗಾಲದಲ್ಲಿ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ತುಂಬಿಕೊಂಡಿದ್ದರಿಂದ ನಳಿಕೆ ಹಾಕಿಸಬೇಕಾಯಿತು. ನಾಲ್ಕು ತಿಂಗಳಲ್ಲಿ ಅದೇ ಮರುಕಳಿಸಿದಾಗ ವೈದ್ಯರು ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್, ಬರೆದುಕೊಟ್ಟರು. ನಾನು ಶಿರಸಿಯಲ್ಲಿರುವುದರಿಂದ ದೇವಿಮನೆ ಘಟ್ಟ ಹತ್ತಿಸಿ ಅವಳನ್ನು ಇಲ್ಲಿಗೇ ಕರೆಸಿಕೊಂಡೆ.

ಹನ್ನೊಂದಕ್ಕೆ ಬರಹೇಳಿ ಒಂದೂವರೆಗೆ ಒಳಗೆ ಕರೆದರು; ಕಾಯುವವರಿಗೆ ಇರುವುದು ಒಂದೇ ಬೆಂಚು. ಆದರೆ ಯಂತ್ರ ನಡೆಸುವ ಹುಡುಗ ಅದೇ ಬೆಂಚಿನ ಮೇಲೆ ಕೂರಿಸಿ, "ಅಕ್ಕಾ, ಉಸಿರು ತಗೊಳ್ಳಿ, ಹಿಡ್ಕೊಳ್ಳಿ" ಎಂದು ಮೂರು ಬಾರಿ ಅಭ್ಯಾಸ ಮಾಡಿಸಿದ್ದರಿಂದ ಒಳಗಿನ ಕೆಲಸ ಐದು ನಿಮಿಷದಲ್ಲಿ ಮುಗಿಯಿತು.

ನಾನು ಮೆಚ್ಚಿದ್ದು ಚಿತ್ರ ಓದಿದ ವೈದ್ಯೆಯನ್ನು. ಸಾದಾ ಎಕ್ಸ್‌ರೇಯಲ್ಲಿ ಕಾಣದಿದ್ದ ಗುಳ್ಳೆಗಳು ಪರದೆಯ ಮೇಲೆ, ಇಳಿತದ ಹೊತ್ತಿನ ಮರಳಿನಲ್ಲಿ ಏಡಿ ತೋಡಿದ ಬಿಲಗಳಂತೆ, ಎರಡೂ ಶ್ವಾಸಕೋಶಗಳ ತುಂಬ ಇದ್ದವು. ಧೂಮಪಾನಿಗಳಲ್ಲಿ ಕಾಣುವ ಇನ್ನೊಂದು ಕಾಯಿಲೆಯಲ್ಲಿ ಗುಳ್ಳೆಗಳ ಆಕಾರ ಅಡ್ಡಾದಿಡ್ಡಿಯಾಗಿದ್ದು ಶ್ವಾಸಕೋಶದ ತಳಭಾಗ ಬಹುಪಾಲು ಉಳಿದುಕೊಂಡಿರುತ್ತದೆ, ಇಲ್ಲಿ ಮಾತ್ರ ತೆಳುಗೋಡೆಯ ದುಂಡನೆಯ ಗುಳ್ಳೆಗಳು ಮೇಲಿನಿಂದ ಕೆಳಗಿನವರೆಗೂ ಹರಡಿವೆ ಎಂದು ಅವರು ವಿವರಿಸಿದರು. ಇದು ಲಿಂಫ್ಯಾಂಜಿಯೋಲಿಯೋಮಯೋಮಟೋಸಿಸ್, ಅಂದರೆ ಲ್ಯಾಮ್ ಇರಬಹುದು. ಬಹುತೇಕ ಹೆಂಗಸರಿಗೇ, ಅದರಲ್ಲೂ ಹೆರುವ ವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆ. ಆದರೆ ಗುಳ್ಳೆಗಳನ್ನಷ್ಟೇ ನೋಡಿ ಖಚಿತವೆನ್ನಲಾಗದು ಎಂದೂ ಹೇಳಿದರು. ವರದಿಯಲ್ಲೂ ಅಷ್ಟೇ ಎಚ್ಚರಿಕೆಯಿಂದ ಬರೆದಿದ್ದರು.

ಎದೆಯ ಸ್ಕ್ಯಾನಿನ ಕಟ್ಟಕಡೆಯ ಚಿತ್ರಗಳಲ್ಲಿ ಮೂತ್ರಪಿಂಡದ ತುದಿಯಷ್ಟೇ ಇಣುಕುತ್ತದೆ. ಅಲ್ಲಿದ್ದ ಕೊಬ್ಬಿನ ಛಾಯೆಯ ಸಣ್ಣ ಗಂಟನ್ನು ಗುರುತಿಸಿ, ಹೊಟ್ಟೆಯನ್ನೂ ಪರೀಕ್ಷಿಸುವಂತೆ ಸೂಚಿಸಿದ್ದು ಅವರೇ. ಅದು ಆಂಜಿಯೋಮಯೋಲಿಪೋಮ, ಅಂದರೆ ಲ್ಯಾಮ್ ಇದ್ದವರಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಕೊಬ್ಬಿನ ಗಂಟು ಎಂದು ಆಮೇಲೆ ದೃಢಪಟ್ಟಿತು. ಗುಳ್ಳೆಗಳ ಜೊತೆ ಅದೂ ಇದ್ದುದರಿಂದ ಶ್ವಾಸಕೋಶದ ಚೂರು ತೆಗೆಯದೆಯೇ ಲ್ಯಾಮ್ ಎಂದು ನಿರ್ಧರಿಸಲು ಶ್ವಾಸಕೋಶ ತಜ್ಞರಿಗೆ ಸಾಧ್ಯವಾಯಿತು. ಮೂತ್ರಪಿಂಡ ಕಸಿಯಾದವರಿಗೆ ಕೊಡುತ್ತಿದ್ದ ಸಿರೋಲಿಮಸ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2015ರಲ್ಲಿ ಲ್ಯಾಮ್ ಚಿಕಿತ್ಸೆಗೂ ಒಪ್ಪಿಗೆ ದೊರೆತಿದೆ; ತಂಗಿಗೆ ಈಗ ಅದನ್ನೇ ಆರಂಭಿಸಿದ್ದಾರೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇರುವ ಮಾತ್ರೆಗಳನ್ನು ನಿಲ್ಲಿಸಿದ್ದಾರೆ.

ಚಿತ್ರಗಳ ಸಿಡಿ ಬೇಕಿದ್ದರೆ ಹಣ ಕಟ್ಟುವಾಗಲೇ ಹೇಳಿಡಿ. ನಾವು ಹೇಳದೆ, ಅದೊಂದಕ್ಕಾಗಿ ಮರುದಿನ ಮತ್ತೆ ಹೋಗಿ ಒಂದು ತಾಸು ನಿಂತೆವು.